ಬಲಗಡೆ ಅಂಚಿನ ಫೋಟೊ

ಚಿನಕುರಳಿ ಹತ್ತಿರದ ನಮ್ಮೂರು
21 ಆಗಸ್ಟ್ 2023

ಮೇಘನ,

ಕ್ಷೇಮ ವಿಚಾರಿಸುವುದಕ್ಕೆ ಬರೆಯುತ್ತಿಲ್ಲ, ಬಯ್ಯುವುದಕ್ಕೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ಆದಮೇಲೆ ಈಗ ನೆನಪಾದೆನಾ ಅಂತ ನೀನು ಕೇಳಬಹುದು. ಕೇಳು. ಆದರೆ ಮೊದಲು ನನಗೆ ಉತ್ತರ ಕೊಡು.

ನಮ್ಮೂರ ಬಸ್ ಸ್ಟಾಪಿನ ಎದುರು ನಿಂತಿರುವ ಫ್ಲೆಕ್ಸು ನಿನ್ನ ಕೈಕೆಲಸ ತಾನೆ? ಮೂಲೆಯಲ್ಲಿ ರವೀಂದ್ರಣ್ಣನ ಅಂಗಡಿ ಹೆಸರು ಇಲ್ಲದಿದ್ದರೂ ನನಗೆ ಗೊತ್ತಾಗುತ್ತಿತ್ತು. ಕೆಂಪು ಅಕ್ಷರದ ಸುತ್ತ ಸಣ್ಣದಾಗಿ ಬಿಳಿ ಗೆರೆ ಎಳೆಯುವುದನ್ನು ಕೆ.ಆರ್. ಪೇಟೆಯ ಆ ಅಂಗಡಿಯಲ್ಲಿ ನಿನ್ನ ಪಕ್ಕ ಕೂತು ಹೇಳಿಕೊಟ್ಟವಳು ನಾನು. ಶ್ರೀರಂಗಪಟ್ಟಣದಲ್ಲಿ ಡಿಸೈನ್ ಕೋರ್ಸು ಮಾಡಿಕೊಂಡು ಬಂದು, ಕಲಿತದ್ದನ್ನೆಲ್ಲ ಒಂದೂ ಬಚ್ಚಿಟ್ಟುಕೊಳ್ಳದೆ ನಿನಗೆ ಸುರಿದೆ. ಅದಕ್ಕೆ ಇದು ನೀನು ಕೊಟ್ಟ ಉಡುಗೊರೆ.

"ನೂತನ ಗ್ರಾಮ ಪಂಚಾಯ್ತಿ ಅಧ್ಯಕ್ಷರಾದ ಶ್ರೀಮತಿ ಪ್ರಮೀಳಾ ಲೋಕೇಶ್ ಅವರಿಗೆ ಹಾರ್ದಿಕ ಅಭಿನಂದನೆಗಳು." ಅಧ್ಯಕ್ಷೆ ನಾನು. ಅಭಿನಂದನೆ ನನಗೆ. ಆದರೆ ಬೋರ್ಡಿನ ನಟ್ಟನಡುವೆ ತಲೆಯಿಂದ ಶೂವರೆಗೆ ನಡೆದುಕೊಂಡು ಬರುತ್ತಿರುವುದು ನಮ್ಮನೆಯವರು. ಬಿಳಿ ಅಂಗಿ, ಕಪ್ಪು ಕನ್ನಡಕ, ಬೆನ್ನಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಮೇಲುಗಡೆ ದೊಡ್ಡವರ ತಲೆಗಳು ಗುಂಡಗೆ, ಕೆಳಗೆ ಊರ ಹುಡುಗರ ತಲೆಗಳು ಸಾಲಾಗಿ. ನಾನೆಲ್ಲಿದ್ದೇನೆ? ಬಲಗಡೆ ಅಂಚಿನಲ್ಲಿ, ಕೆಳಗೆ, ಅಂಚೆಚೀಟಿ ಅಂಟಿಸಿದ ಹಾಗೆ. ಅದೂ ಮುಖ ಆಚೆಗೆ ತಿರುಗಿಸಿಕೊಂಡು.

ಚಿಕ್ಕದು ಮಾಡಿದ್ದನ್ನಾದರೂ ಸಹಿಸುತ್ತಿದ್ದೆ. ಮುಖ ಯಾವ ಕಡೆ ನೋಡುತ್ತದೋ ನೋಡುವವರ ಕಣ್ಣೂ ಆ ಕಡೆಗೆ ಹೋಗುತ್ತದೆ, ಅಂಚಿನಲ್ಲಿರುವ ಮುಖ ಯಾವತ್ತೂ ಒಳಗೆ ನೋಡಬೇಕು ಅಂತ ಎಷ್ಟು ಸಲ ಹೇಳಿದ್ದೆ ನಿನಗೆ? ಈಗ ನನ್ನ ಬೋರ್ಡಿನಲ್ಲಿ ನಾನೇ ಪಕ್ಕದ ಚರಂಡಿ ನೋಡಿಕೊಂಡು ನಿಂತಿದ್ದೇನೆ. ಊರು ಬಿಟ್ಟು ಹೋಗುತ್ತಿರುವವಳ ಹಾಗೆ ಕಾಣುತ್ತೇನೆ. ಆ ಫೋಟೊ ನಾನು ಗೆದ್ದ ದಿನ ಚುನಾವಣಾ ಅಧಿಕಾರಿಯ ಕಡೆ ತಿರುಗಿ ಪ್ರಮಾಣಪತ್ರ ಇಸಿದುಕೊಂಡಾಗ ತೆಗೆದದ್ದು. ಪ್ರಮಾಣಪತ್ರವನ್ನೂ ಕತ್ತರಿಸಿ, ಕೈಯನ್ನೂ ಕತ್ತರಿಸಿ, ಕುತ್ತಿಗೆ ಮಾತ್ರ ಉಳಿಸಿದ್ದೀಯ.

ಫೋನು ಮಾಡಿ ಬಯ್ಯಬಹುದಿತ್ತು. ನನ್ನ ಫೋನು ಈಗ ನಮ್ಮನೆಯವರ ಜೇಬಿನಲ್ಲಿದೆ. "ಅಧ್ಯಕ್ಷರ ನಂಬ್ರಿಗೆ ಜನ ವೊತ್ತಾರೆ ಎದ್ದು ಪೋನ್ ಮಾಡ್ತಾರೆ, ನಿಂಗ್ಯಾಕಮ್ಮಿ ಆ ತಲೆನೋವು" ಅಂತ ಗೆದ್ದ ದಿನವೇ ಇಸ್ಕೊಂಡರು. ಅದಕ್ಕೇ ಕಾಗದ. ಕೆ.ಆರ್. ಪೇಟೆಗೆ ಸೊಪ್ಪು ಮಾರಲು ಬರುವ ಬೆಟ್ಟಮ್ಮನ ಕೈಯಲ್ಲಿ ಕಳಿಸಿದ್ದೇನೆ. ಉತ್ತರ ಇದ್ದರೆ ಅವಳ ಕೈಗೇ ಕೊಡು. ಉತ್ತರ ಏನಿರುತ್ತೆ ನಿನ್ನ ಹತ್ತಿರ?

ಪ್ರಮೀಳಾ


ಕೆ.ಆರ್. ಪೇಟೆ
2 ಸೆಪ್ಟೆಂಬರ್ 2023

ಪ್ರಮೀಳಕ್ಕ,

ಅಧ್ಯಕ್ಷರೇ ಅಂತ ಕರೆಯಬೇಕಿತ್ತೇನೋ. ಹಳೇ ಬಾಯಿ, ಅಕ್ಕ ಅಂತಲೇ ಬರುತ್ತೆ.

ಉತ್ತರ ಇದೆ, ಕೇಳು. ನಿಮ್ಮ ಯಜಮಾನರು ಬಂದು ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮಾನಿಟರಿಗೆ ಬೆರಳು ಒತ್ತಿ ಒತ್ತಿ ತೋರಿಸಿದರು. ಆ ಬೆರಳಿನ ಗುರುತು ಒರೆಸಲು ನನಗೆ ಒಂದು ಬಟ್ಟೆ ಬೇಕಾಯಿತು. "ಇನ್ನೊಂಚೂರು ದಪ್ಪ ಮಾಡಮ್ಮ. ಕಾಲು ಕಾಣ್ಲಿ. ಸೂ ಕಾಣ್ಬೇಕು." ಆಯಿತು, ಮಾಡಿದೆ. "ಅಕ್ಕನ ಫೋಟೊ ಎಲ್ಲಿ ಹಾಕಲಿ ಸಾರ್?" ಅಂತ ಕೇಳಿದೆ. "ಅದುನ್ನ ಎಲ್ಲಾರಾ ಹಾಕು" ಅಂದರು. ಎಲ್ಲಾದರೂ ಅಂದಾಗ ಉಳಿದಿದ್ದ ಜಾಗ ಅದೊಂದೇ. ನಿನ್ನನ್ನು ಕುತ್ತಿಗೆವರೆಗೆ ಕತ್ತರಿಸಿದ್ದು ನಾನಲ್ಲ. ಕತ್ತರಿಸಿಕೊಂಡೇ ತಂದಿದ್ದರು.

ಕನ್ನಡಿಯಲ್ಲಿ ಕಂಡ ಹಾಗೆ ಫೋಟೊ ತಿರುಗಿಸಿ ಒಳಗೆ ನೋಡುವ ಹಾಗೆ ಮಾಡಬಹುದಿತ್ತಲ್ಲ ಅಂತ ನಿನ್ನ ಮುಂದಿನ ಪ್ರಶ್ನೆ. ಹೆಂಗಸರ ಫೋಟೊ ತಿರುಗಿಸಬಾರದು, ಸೆರಗು ಬಲಭುಜಕ್ಕೆ ಬರುತ್ತೆ, ಮೂಗುಬೊಟ್ಟು ಆ ಕಡೆ ಹೋಗುತ್ತೆ, ಊರ ಹೆಂಗಸರು ಒಂದೇ ನೋಟಕ್ಕೆ ಹಿಡಿದು ನಗುತ್ತಾರೆ ಅಂತ ಹೇಳಿಕೊಟ್ಟವಳೂ ನೀನೇ. ಎಡಗಡೆ ಇಡೋಣ ಅಂದರೆ ಪಾಂಡವಪುರದಿಂದ ಬರೋರಿಗೆ ಮೊದಲು ಕಾಣೋದು ಆ ಕಡೆ, ಅಲ್ಲಿ ಬೇಡ ಅಂದರು. ನನ್ನ ಬೆನ್ನಹಿಂದೆ ರವೀಂದ್ರಣ್ಣ ಕೆಮ್ಮುತ್ತಾ ನಿಂತಿದ್ದರು. ಗಿರಾಕಿಗೆ ಎದುರಾಡಿದರೆ ಅವರು ಕೆಮ್ಮುತ್ತಾರೆ ಅಂತ ನಿನಗೇ ಗೊತ್ತು.

ಈಗ ನನ್ನ ಸರದಿ. ಚಿಕ್ಕದಾಗಿ ಹಾಕಿಸಿಕೊಂಡರೆ ಹೇಗಿರುತ್ತೆ ಅಂತ ಈಗ ಗೊತ್ತಾಯಿತಾ ಅಕ್ಕ? ಪಾಂಡವಪುರದಲ್ಲಿ ನಾವಿಬ್ಬರೂ ಸೇರಿ ಅಂಗಡಿ ಹಾಕೋಣ ಅಂತ ಬೋರ್ಡು ಬರೆದಿಟ್ಟಿದ್ದೆವು. ಪ್ರಮೀಳಾ, ಮೇಘನ, ಎರಡು ಹೆಸರೂ ಒಂದೇ ಸೈಜು. ನಿಮ್ಮಪ್ಪನಿಗೆ ನಮ್ಮ ಕೇರಿಯವಳ ಹೆಸರು ನಿನ್ನ ಹೆಸರಿನ ಪಕ್ಕ ಬರುವುದು ಬೇಡವಾಗಿತ್ತು. ನೀನು ನನಗೆ ಒಂದು ಮಾತೂ ಹೇಳದೆ ಕೆಲಸಕ್ಕೆ ಬರುವುದು ನಿಲ್ಲಿಸಿದೆ. ಆಮೇಲೆ ಬಂದದ್ದು ಲಗ್ನಪತ್ರಿಕೆ. ನಮ್ಮೂರು ಬೂಕನಕೆರೆಯಿಂದ ಎರಡು ಬಸ್ಸು ಬದಲಿಸಿ ನಾಗಮಂಗಲದ ಛತ್ರಕ್ಕೆ ನಮ್ಮಪ್ಪನನ್ನು ಕರೆದುಕೊಂಡು ಬಂದೆ. ನಿಮ್ಮ ಚಿಕ್ಕಪ್ಪ ನಮ್ಮಿಬ್ಬರಿಗೂ ಹಿಂದುಗಡೆ, ಪಾತ್ರೆ ತೊಳೆಯುವ ಕಡೆ ಎಲೆ ಹಾಕಿಸಿದರು. ನಮ್ಮಪ್ಪ ತಮ್ಮಯ್ಯ ಎಲೆ ಮಡಚಿ ಎದ್ದ. ನಾವು ಹೋಗುವುದನ್ನು ನೀನು ಸ್ಟೇಜ್ ಮೇಲಿಂದ ನೋಡಿದೆ. ನೋಡಿ, ಮುಖ ಆ ಕಡೆ ತಿರುಗಿಸಿದೆ.

ಆವತ್ತಿನಿಂದ ನೀನು ಆಚೆಗೇ ನೋಡುತ್ತಿದ್ದೀಯ. ನಾನು ಹೊಸದಾಗಿ ಏನೂ ತಿರುಗಿಸಿಲ್ಲ.

ಮೇಘನ

ಅಂದಹಾಗೆ, ಅಂಗಡಿ ಬಿಡುವಾಗ ಫ್ಲೆಕ್ಸು ಕುಯ್ಯುವ ನನ್ನ ಹಳದಿ ಕಟ್ಟರನ್ನೂ ತೆಗೆದುಕೊಂಡು ಹೋದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ನಿನಗೆ.


ನಮ್ಮೂರು
8 ಅಕ್ಟೋಬರ್ 2023

ಮೇಘನ,

ಉತ್ತರ ಬರೆದೆ, ಹರಿದೆ. ಇನ್ನೊಂದು ಬರೆದೆ, ಅದನ್ನೂ ಒಲೆಗೆ ಹಾಕಿದೆ. ಛತ್ರದ ವಿಚಾರ ಬರೆಯಲು ಹೋದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ನಿಮ್ಮಪ್ಪನನ್ನು ಕೇಳಿದೆ ಅಂತ ಹೇಳು.

ಈಗ ಕೆಲಸದ ಮಾತು. ಹೋದ ವಾರ ಗ್ರಾಮಸಭೆ ಆಯಿತು. ಅದನ್ನೂ ಒಂದು ಫ್ಲೆಕ್ಸು ಅಂದುಕೊಂಡು ನೋಡು. ಮೇಜಿನ ನಡುವೆ ಟವೆಲ್ಲು ಹೊದಿಸಿದ ಕುರ್ಚಿ, ಅದು ಅಧ್ಯಕ್ಷರದ್ದು. ಅದರಲ್ಲಿ ನಮ್ಮನೆಯವರು, ಲೋಕೇಶ್. ಪಕ್ಕದಲ್ಲಿ ಅಧಿಕಾರಿಗಳು. ನನಗೆ ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಸ್ವಿಚ್ ಬೋರ್ಡಿನ ಕೆಳಗೆ. ಸೆಕೆ ಅಂದವರಿಗೆಲ್ಲ ಫ್ಯಾನು ಹಾಕಿದ್ದೇ ನಾನು ಮಾಡಿದ ಅಧ್ಯಕ್ಷಗಿರಿ. ಯಾರೋ ಒಬ್ಬರು ಎದ್ದು "ಅಧ್ಯಕ್ಷರೇ, ನಮ್ ಬೀದಿಗೆ ನೀರು ಬತ್ತಾ ಇಲ್ಲ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಕೇಶ್ "ಆಯ್ತು ಬುಡಿ, ನೋಡ್ಸುಮಾ" ಅಂದಾಗಿತ್ತು. ಕೇಳಿದವರೂ ನನ್ನ ಕಡೆ ನೋಡಿರಲಿಲ್ಲ. ಮನೆಗೆ ಬಂದು ಕೇಳಿದೆ, ಆ ಕುರ್ಚಿ ಯಾರದ್ದು ಅಂತ. "ಒಂದೇ ಮನೆ ತಾನೆ, ಯಾರು ಕೂತ್ರೇನು?" ಅಂದರು. ಯಾರು ಕೂತರೂ ಒಂದೇ ಆಗಿದ್ದರೆ ನಾನು ಕೂತರೂ ಒಂದೇ ಆಗಬೇಕಿತ್ತಲ್ಲ. ಆ ಸಿಟ್ಟಿಗೆ ಅವತ್ತು ಮುದ್ದೆ ತೊಳಸುವ ಕೋಲು ಮುರಿದುಹೋಯಿತು.

ನನ್ನದು ಅಂತ ಇರುವುದು ಒಂದೇ ಒಂದು. ಶಾಲೆ ಪಕ್ಕದ ಹಳೇ ಗೋಡೌನನ್ನು ಲೈಬ್ರರಿ ಮಾಡಿಸುತ್ತಿದ್ದೇನೆ. ಸೂರು ಸೋರುತ್ತಿತ್ತು, ಹೆಗ್ಗಣ ಸೇರಿಕೊಂಡಿತ್ತು. ಪಾಂಡವಪುರಕ್ಕೆ ನಾನೇ ಓಡಾಡಿ ಕಾಗದ ಮಾಡಿಸಿದೆ. ಗೋಡೆಗೆ ನೀಲಿ ಬಣ್ಣ ಆರಿಸಿದವಳು ನಾನು. ಹೆಣ್ಣುಮಕ್ಕಳು ಮನೆಕೆಲಸ ತಪ್ಪಿಸಿಕೊಂಡು ಬಂದು ಕೂರಲಿ ಅಂತ ಕಿಟಕಿ ಪಕ್ಕ ಒಂದು ಉದ್ದ ಬೆಂಚು ಹಾಕಿಸಿದ್ದೇನೆ. ಡಿಸೆಂಬರಿನಲ್ಲಿ ಉದ್ಘಾಟನೆ. ಲೋಕೇಶ್ ಇವತ್ತಿನವರೆಗೆ ಅದರ ಒಳಗೆ ಕಾಲಿಟ್ಟಿಲ್ಲ. ಆದರೆ ಟೇಪು ಕತ್ತರಿಸಲು ಹೊಸ ಅಂಗಿ ಹೊಲಿಸಲು ಕೊಟ್ಟಾಗಿದೆ. ಇದೂ ಅವರ ಹೆಸರಿಗೆ ಹೋದರೆ ನಾನು ಈ ಊರಲ್ಲಿ ಅಧ್ಯಕ್ಷೆ ಆಗಿದ್ದೆ ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ ಕಣೇ.

ಇದರ ಜೊತೆ ಒಂದು ಚಿತ್ರ ಬರೆದು ಇಟ್ಟಿದ್ದೇನೆ. ಉದ್ಘಾಟನೆಯ ಫ್ಲೆಕ್ಸು ಹೀಗಿರಬೇಕು. ಎಡಗಡೆ ನನ್ನ ಫೋಟೊ, ಚಿಕ್ಕದಾಗಿ, ಒಳಗೆ ನೋಡುವ ಹಾಗೆ. ಅದರ ಕೆಳಗೆ ಲೈಬ್ರರಿಯ ಹೆಸರು, ತಾರೀಕು. ಮಿಕ್ಕಿದ್ದು ಖಾಲಿ. ಖಾಲಿ ಅಂದರೆ ಖಾಲಿ, ಹೂಬಳ್ಳಿಯೂ ಬೇಡ. ಸೊಂಟದ ಮೇಲೆ ಬಿಂದಿಗೆ ಹೊತ್ತವಳು ಇನ್ನೊಂದು ಕೈಯನ್ನು ಆ ಕಡೆ ಚಾಚಿಕೊಂಡು ನಡೆಯುತ್ತಾಳೆ ನೋಡು, ಆ ಖಾಲಿ ಕೈಯೇ ಬಿಂದಿಗೆಗೆ ಸಮ. ನಿನಗೆ ಮೊದಲ ದಿನ ಇದನ್ನೇ ಹೇಳಿದ್ದೆ. ಮಾಡಿಕೊಡು. ನನ್ನ ಮೇಲಿನ ಸಿಟ್ಟು ಹಾಗೇ ಇಟ್ಟುಕೊಂಡು ಮಾಡು, ಪರವಾಗಿಲ್ಲ.

ಪ್ರಮೀಳಾ


ಕೆ.ಆರ್. ಪೇಟೆ
11 ಡಿಸೆಂಬರ್ 2023

ಪ್ರಮೀಳಕ್ಕ,

ಮಾಡಿದೆ. ನಿನ್ನ ಚಿತ್ರದಲ್ಲಿ ಇದ್ದ ಹಾಗೇ ಮಾಡಿದೆ. ಅಂಗಡಿಯಲ್ಲಿ ಇಷ್ಟು ವರ್ಷ ಕೂತು ನಾನು ಮಾಡಿದ್ದರಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಹೇಳದೆ ಇದ್ದರೆ ನನಗೇ ಸಮಾಧಾನ ಇರುವುದಿಲ್ಲ, ಅದಕ್ಕೆ ಹೇಳಿದೆ.

ನಿನ್ನೆ ನಿಮ್ಮ ಯಜಮಾನರು ಡಿಸೈನು ನೋಡಲು ಬಂದರು, ಜೊತೆಗೆ ಸಿದ್ದರಾಜು ಅನ್ನುವ ಗೆಳೆಯ. ಇಬ್ಬರೂ ಪರದೆ ನೋಡಿದರು. ಆಮೇಲೆ ಶುರುವಾಯಿತು.

"ಇದ್ಯಾಕಮ್ಮ ಇಷ್ಟು ಜಾಗ ಬರಿದೆ ಬುಟ್ಟಿದ್ದೀಯಾ?"

"ಡಿಸೈನೇ ಹಂಗೆ ಸಾರ್. ಖಾಲಿ ಇದ್ದರೆ ಕಣ್ಣು ಫೋಟೊಗೆ ಹೋಗುತ್ತೆ."

"ಅಡಿ ಲೆಕ್ಕದಲ್ಲಿ ಕಾಸು ಇಸ್ಕೊತೀರಾ. ಬರೀ ಬಿಳೀಗೂ ಕಾಸಾ?"

ಸಿದ್ದರಾಜು ಬಗ್ಗಿ ನೋಡಿ, "ಆ ಕಡಿಕೆ ನಮ್ ಉಡುಗ್ರುನ್ನೆಲ್ಲಾ ತುಂಬ್ಸುಬುಡಮ್ಮ. ನಡೂಕೆ ಅಣ್ಣನ್ನ ನಿಲ್ಸು" ಅಂದ.

ತಡೆಯಲಾಗಲಿಲ್ಲ ನನಗೆ. "ಅಧ್ಯಕ್ಷರು ಯಾರು ಸಾರ್?" ಅಂತ ಕೇಳಿಬಿಟ್ಟೆ. ನಿಮ್ಮ ಯಜಮಾನರು ನಕ್ಕರು. ಕೋಪ ಮಾಡಿಕೊಂಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ, ನಕ್ಕರು. ರವೀಂದ್ರಣ್ಣ ಈ ಸಲ ಕೆಮ್ಮಲಿಲ್ಲ, ಬಾಯಿಬಿಟ್ಟೇ ಹೇಳಿದರು. "ಮೇಘನ, ಅವ್ರೇಳ್ದಂಗೆ ಮಾಡು, ಇಲ್ದಿದ್ರೆ ಮೌಸು ಬುಟ್ಟು ಏಳು." ನಮ್ಮನೆ ನಡೆಯುತ್ತಿರುವುದು ಈ ಮೌಸಿನ ಮೇಲೆ. ಏಳಲಿಲ್ಲ.

ಹಾಗಾಗಿ ನಡುವೆ ಅವರು, ಹೊಸ ಅಂಗಿಯಲ್ಲಿ, ಕೈಮುಗಿದುಕೊಂಡು. ಸುತ್ತ ಹುಡುಗರ ತಲೆಗಳು. ಒಬ್ಬನದು ಕೂದಲೆಳೆಯಷ್ಟು ಚಿಕ್ಕದಾದರೂ ಜಗಳ ಬರುತ್ತೆ ಅಂತ ಎಲ್ಲವನ್ನೂ ಅಳೆದು ಕೂರಿಸಿದೆ. ನೀನು ಮತ್ತೆ ಬಲಗಡೆ ಅಂಚಿನಲ್ಲೇ, ಕೆಳಗೆ, ಆಚೆಗೆ ನೋಡಿಕೊಂಡು. ಸುತ್ತ ಒಂದು ಗೇಣು ಬಿಳಿ ಬಿಟ್ಟಿದ್ದೇನೆ, ಅವರು ಗಮನಿಸಲಿಲ್ಲ. ನಿನಗೋಸ್ಕರ ಕದಿಯಲು ನನಗೆ ಸಿಕ್ಕಿದ್ದು ಅಷ್ಟೇ ಜಾಗ.

ಬಯ್ಯುವುದಾದರೆ ಬಯ್ಯಿ. ಈ ಸಲ ಎದುರುತ್ತರ ಬರೆಯುವುದಿಲ್ಲ.

ಮೇಘನ


ನಮ್ಮೂರು
18 ಡಿಸೆಂಬರ್ 2023

ಮೇಘನ,

ನಿನ್ನನ್ನು ಬಯ್ಯುವುದಕ್ಕೆ ಈಗ ನನ್ನಲ್ಲಿ ಸಿಟ್ಟು ಉಳಿದಿಲ್ಲ. ಇದ್ದದ್ದೆಲ್ಲ ಬೇರೆ ಕಡೆ ಖರ್ಚಾಯಿತು.

ಉದ್ಘಾಟನೆಯ ಬೆಳಿಗ್ಗೆ ಲೈಬ್ರರಿ ಬಾಗಿಲಿಗೆ ರಂಗೋಲಿ ಹಾಕಲು ಹೋದೆ. ಗಂಡಸರೆಲ್ಲ ತಾಲ್ಲೂಕಿನ ಅಧಿಕಾರಿ ಮೇಡಂ ಅವರನ್ನು ಎದುರುಗೊಳ್ಳಲು ಬೈಕು ತೆಗೆದುಕೊಂಡು ಪಾಂಡವಪುರದ ಕಡೆ ಹೋಗಿದ್ದರು. ಬಾಗಿಲ ಪಕ್ಕ, ನೀಲಿ ಗೋಡೆಗೆ ಅಡ್ಡಲಾಗಿ, ನಿನ್ನ ಫ್ಲೆಕ್ಸು. ನಾನು ಆರಿಸಿದ ಬಣ್ಣವೂ ಕಾಣದ ಹಾಗೆ ಕಟ್ಟಿದ್ದರು. ಬಣ್ಣದ ಪುಡಿ ಹಿಡಿದುಕೊಂಡು ಅದರ ಮುಂದೆ ನಿಂತೆ. ಆರು ಅಡಿ ಲೋಕೇಶ ನನ್ನ ಲೈಬ್ರರಿ ಮುಂದೆ ನನಗೇ ಕೈಮುಗಿಯುತ್ತಿದ್ದಾನೆ. ಅಂಚಿನಲ್ಲಿ ನಾನು ಮತ್ತೆ ಆಚೆ ನೋಡುತ್ತಿದ್ದೇನೆ.

ಇಡೀ ಫ್ಲೆಕ್ಸನ್ನು ಕಿತ್ತುಹಾಕುವ ಅಂತಲೇ ಮೊದಲು ಅನ್ನಿಸಿದ್ದು. ಕಿತ್ತರೆ ಅದು ಗಂಡಹೆಂಡಿರ ಜಗಳ ಆಗುತ್ತಿತ್ತು, ಅಷ್ಟೇ. ಊರಿನವರು ನಕ್ಕು ಮರೆಯುತ್ತಿದ್ದರು. ಆಗ ನೀನು ಬಿಟ್ಟಿದ್ದ ಆ ಒಂದು ಗೇಣು ಬಿಳಿ ಕಣ್ಣಿಗೆ ಬಿತ್ತು. ಮನೆಗೆ ಹೋಗಿ ಹೊಲಿಗೆ ಡಬ್ಬಿಯ ತಳದಿಂದ ನಿನ್ನ ಹಳದಿ ಕಟ್ಟರು ತಂದೆ. ನನ್ನ ಫೋಟೊದ ನಾಲ್ಕೂ ಕಡೆ ಕುಯ್ದು ತೆಗೆದೆ. ಗೆರೆ ನೆಟ್ಟಗೆ ಬಂತು, ನೀನು ನೋಡಬೇಕಿತ್ತು.

ತೂತಿನಾಚೆ ನೀಲಿ ಗೋಡೆ ಕಂಡಿತು. ಕೆಂಪು, ಹಳದಿ, ತಲೆ, ಹಾರ ಎಲ್ಲ ತುಂಬಿದ ಬೋರ್ಡಿನಲ್ಲಿ ಅದೊಂದೇ ಸುಮ್ಮನಿರುವ ಜಾಗ. ಮೊದಲು ನೋಡಿದ್ದು ನಮ್ಮತ್ತೆ ಚಿಕ್ಕಬೋರಮ್ಮ. "ಮುತ್ತೈದೆ ತನ್ ಮಕಾನ ತಾನೇ ಕುಯ್ಕೊತಳಾ? ಏನ್ ಬಂತವ್ವ ನಿಂಗೆ?" ಅಂತ ಬಾಗಿಲಲ್ಲೇ ಕೂತುಬಿಟ್ಟರು. ಆಮೇಲೆ ಬಂದವರೆಲ್ಲ ಅದನ್ನೇ ನೋಡಿದರು. ಹೆಂಗಸರು ಕೈತೋರಿಸಿ ಪಿಸುಗುಟ್ಟಿದರು. ಹುಡುಗರು ತಮ್ಮ ತಮ್ಮ ತಲೆ ಹುಡುಕಿಕೊಳ್ಳಲು ಬಂದವರು ತೂತಿನ ಮುಂದೆ ನಿಂತುಬಿಟ್ಟರು. ಲೋಕೇಶನ ಹೊಸ ಅಂಗಿ ಯಾರಿಗೂ ಕಾಣಲಿಲ್ಲ.

ಮೇಡಂ ಜೀಪಿನಿಂದ ಇಳಿದು ಮೊದಲು ಕೇಳಿದ್ದೂ ಅದನ್ನೇ. "ಇಲ್ಲಿ ಯಾರ ಫೋಟೊ ಇತ್ತು?"

"ಗಾಳಿಗೆ ಹರ್ದೋಯ್ತು ಮೇಡಂ" ಅಂದ ಲೋಕೇಶ.

"ಗಾಳಿ ಇಷ್ಟು ನೀಟಾಗಿ ಹರಿಯುತ್ತಾ?"

ನಾನು ರಂಗೋಲಿ ಹತ್ತಿರದಿಂದ ಮುಂದಕ್ಕೆ ಬಂದೆ. "ಅಲ್ಲಿ ಇದ್ದದ್ದು ನಾನು ಮೇಡಂ. ಅಧ್ಯಕ್ಷೆ. ನಾನೇ ತೆಗೆದೆ. ಇಲ್ಲೇ ನಿಂತಿದ್ದೀನಲ್ಲ, ಫೋಟೊ ಯಾಕೆ?" ಅವರು ನನ್ನ ಮುಖ ನೋಡಿದರು, ತೂತು ನೋಡಿದರು, ಟೇಪು ಕತ್ತರಿಸುವ ಕತ್ತರಿ ಇದ್ದ ತಟ್ಟೆಯನ್ನು ಲೋಕೇಶನ ಕೈಯಿಂದ ಇಸಿದುಕೊಂಡು ನನಗೆ ಕೊಟ್ಟರು. ಟವೆಲ್ಲು ಹೊದಿಸಿದ ಕುರ್ಚಿಯಲ್ಲಿ ಆವತ್ತು ನಾನು ಕೂತೆ. ಕಿಟಕಿ ಪಕ್ಕದ ಬೆಂಚು ಯಾರಿಗೆ ಅಂತ ಊರಿನ ಎದುರಿಗೆ ಹೇಳಿ ಮುಗಿಸಿದೆ.

ಮನೆಯಲ್ಲಿ ಆದದ್ದು ಬೇರೆ. "ಮಾನ ಕಳ್ದುಬುಟ್ಟೆ" ಅಂದ. "ಯಾರ್ದು?" ಅಂದೆ. ಗಂಟು ಕಟ್ಟಿಕೊಂಡು ನಾಗಮಂಗಲಕ್ಕೆ ನಡಿ, ನಿಮ್ಮಪ್ಪನ ಮನೆಗೆ, ಅಂದ. ಬುಧವಾರ ಪಂಚಾಯ್ತಿ ಮೀಟಿಂಗಿದೆ, ಅದು ಮುಗಿಯಲಿ, ಆಮೇಲೆ ಯೋಚನೆ ಮಾಡುತ್ತೇನೆ ಅಂದೆ. ತಟ್ಟೆ ಎತ್ತಿ ಎಸೆದ. ನಾನು ಎತ್ತಿಡಲಿಲ್ಲ, ಅದು ಇನ್ನೂ ಬಚ್ಚಲ ಹತ್ತಿರವೇ ಬಿದ್ದಿದೆ. ಫೋನೂ ಇನ್ನೂ ಅವನ ಜೇಬಿನಲ್ಲಿದೆ. ಮುಂದೆ ಏನಾಗುತ್ತೋ ಗೊತ್ತಿಲ್ಲ ಕಣೇ. ಹೆದರಿಕೆ ಇದೆ. ಸಿಟ್ಟು ಹೆದರಿಕೆಗಿಂತ ಒಂದು ಹಿಡಿ ಜಾಸ್ತಿ ಇದೆ, ಹಾಗಾಗಿ ನಡೆಯುತ್ತಿದೆ.

ಕುಯ್ದ ತುಂಡನ್ನು ಸುರುಳಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಮನೆಯಲ್ಲಿಟ್ಟರೆ ಅತ್ತೆ ಸುಡುತ್ತಾರೆ. ನಿಮ್ಮಪ್ಪ ತಮ್ಮಯ್ಯನವರನ್ನು ಒಂದು ದಿನ ಲೈಬ್ರರಿಗೆ ಕರೆದುಕೊಂಡು ಬಾ. ಮುಂದಿನ ಬಾಗಿಲಿನಿಂದ ಬನ್ನಿ, ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಊಟ ನನ್ನ ಪಕ್ಕ.

ಪ್ರಮೀಳಾ


ಕೆ.ಆರ್. ಪೇಟೆ
23 ಡಿಸೆಂಬರ್ 2023

ಪ್ರಮೀಳಕ್ಕ,

ಅಪ್ಪನಿಗೆ ಕಾಗದ ಓದಿ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ "ಆ ಊರ್ಗೆ ಯಾವ್ ಬಸ್ಸು?" ಅಂತ ಕೇಳಿದ.

ನಿನ್ನ ಫ್ಲೆಕ್ಸಿನ ತೂತು ತಾಲ್ಲೂಕಿನವರ ಫೋನಿನಲ್ಲೆಲ್ಲ ಓಡಾಡುತ್ತಿದೆ. ಅಂಗಡಿಗೆ ಬಂದವರೆಲ್ಲ ರವೀಂದ್ರಣ್ಣನಿಗೆ ಅದನ್ನೇ ತೋರಿಸಿ ನಗುತ್ತಾರೆ. ನಿನ್ನೆ ಲೋಕೇಶಣ್ಣ ಬಂದರು. ಸಿದ್ದರಾಜು ಇರಲಿಲ್ಲ, ಸ್ಟೂಲೂ ಎಳೆದುಕೊಳ್ಳಲಿಲ್ಲ. "ಇವತ್ತೇ ಒಸದು ಒಡ್ದುಕೊಡಮ್ಮ. ನಾನೂ ಅವಳೂ ಪಕ್ಕಪಕ್ಕ. ಒಂದೇ ಸೈಜು" ಅಂದರು. ಒಂದೇ ಸೈಜು ಅನ್ನುವ ಮಾತು ಕೇಳಿ ನನಗೆ ಪಾಂಡವಪುರದ ಆ ಬೋರ್ಡು ನೆನಪಾಯಿತು, ಮೈ ಉರಿಯಿತು. ಯಾರು ಯಾರಿಗೆ ಯಾವಾಗ ಸಮ ಅಂತ ತೀರ್ಮಾನ ಮಾಡುವುದು ಇವರೇ ಯಾಕೆ ಅಂತ.

"ಅಧ್ಯಕ್ಷರ ಫ್ಲೆಕ್ಸನ್ನ ಅಧ್ಯಕ್ಷರು ಬಂದು ಹೇಳಿದರೆ ಮಾಡುತ್ತೇನೆ ಸಾರ್" ಅಂದೆ. ರವೀಂದ್ರಣ್ಣನ ಕೆಮ್ಮಿಗೆ ಕಾದೆ. ಅವರು ಪೇಪರು ಓದುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

ಲೋಕೇಶಣ್ಣ ಜಗಳಕ್ಕೆ ಬಾಯಿ ತೆಗೆದರು. ತೆಗೆದವರು ಹಾಗೇ ನಿಂತರು. ನೀನು ಕಳಿಸಿದ ತುಂಡನ್ನು ನನ್ನ ಮಾನಿಟರಿನ ಎಡಗಡೆ ಗೋಡೆಗೆ ಅಂಟಿಸಿದ್ದೇನೆ. ಅವರು ಬಲಗಡೆ ನಿಂತಿದ್ದರು. ನಾನು ತಿರುಗಿಸಿಲ್ಲ, ಸೆರಗು ಸರಿಯಾಗೇ ಇದೆ. ಅದೇ ಫೋಟೊ, ಅದೇ ನೋಟ, ನೇರ ಅವರ ಮುಖಕ್ಕೆ. ನೀನು ಅಷ್ಟು ಹೊತ್ತು ಅವರನ್ನು ದಿಟ್ಟಿಸಿ ನೋಡಿದ್ದನ್ನು ಅವರು ಮದುವೆಯಾದ ಮೇಲೆ ಕಂಡಿರಲಿಲ್ಲವೇನೋ. ತಿರುಗಿ ಹೊರಟರು. ಹೋಗುವಾಗ ನಿನ್ನ ಫೋನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ಬೆಳಿಗ್ಗೆಯಿಂದ ಹೊಡೆದುಕೊಳ್ಳುತ್ತಲೇ ಇದೆ. ಯಾವುದೋ ಬೀದಿಗೆ ನೀರು ಬಂದಿಲ್ಲವಂತೆ.

ಸೋಮವಾರ ಬಾ. ನಿನಗೂ ಒಂದು ಕುರ್ಚಿ ಹಾಕಿದ್ದೇನೆ, ನನ್ನದರಷ್ಟೇ ಎತ್ತರ. ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಎದುರಿಗೆ ಕೂತು ಬಯ್ಯುವುದು ಇನ್ನೂ ಇದೆ.

ಬರುವಾಗ ಕಟ್ಟರು ತೆಗೆದುಕೊಂಡು ಬಾ. ಅದು ನನ್ನದು.

ಮೇಘನ